ಕಪ್ಪದ ಮಾತು: ಉತ್ತರ ಬೇಡದ ಪ್ರಶ್ನೆ

ಕಳೆದ ವರ್ಷ ಬೈಲಹೊಂಗಲ ಸೀಮೆಯ ಒಂದು ಪ್ರೌಢಶಾಲೆಯವರು ಏಕಪಾತ್ರಾಭಿನಯದ ಸ್ಪರ್ಧೆಗೆ ತೀರ್ಪುಗಾರನಾಗಿ ಬಾ ಎಂದು ನನ್ನನ್ನು ಕರೆದಿದ್ದರು. ಹದಿನಾಲ್ಕು ಮಕ್ಕಳು ಹೆಸರು ಕೊಟ್ಟಿದ್ದರು. ಒಬ್ಬಳು ಒನಕೆ ಓಬವ್ವ, ಒಬ್ಬಳು ಅಕ್ಕಮಹಾದೇವಿ, ಒಬ್ಬ ಸಂಗೊಳ್ಳಿ ರಾಯಣ್ಣ, ಒಬ್ಬ ದುರ್ಯೋಧನ. ಉಳಿದ ಹತ್ತೂ ಮಂದಿ ಕಿತ್ತೂರು ಚೆನ್ನಮ್ಮ. ಹತ್ತು ಚೆನ್ನಮ್ಮಂದಿರೂ ರಟ್ಟಿನ ಖಡ್ಗ ಹಿಡಿದು ಬಂದರು, ಹತ್ತು ಮಂದಿಯೂ ಎದುರಿಗಿಲ್ಲದ ಥ್ಯಾಕರೆಯನ್ನು ಕಣ್ಣು ಕೆಂಪಗೆ ಮಾಡಿ ನೋಡಿದರು, ಹತ್ತು ಮಂದಿಯೂ ಒಂದೇ ಮಾತನ್ನು ಹೇಳಿದರು. ಕಪ್ಪದ ಮಾತು. ಯಾವ ಮಾತು ಎಂದು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಬಹಳ ಜನ ಅದನ್ನು ಶಾಲೆಯ ಕಟ್ಟೆಯ ಮೇಲೆ ನಿಂತು ಹೇಳಿದವರೇ, ಇಲ್ಲವೆ ಕೆಳಗೆ ಕೂತು ಚಪ್ಪಾಳೆ ಹೊಡೆದವರೇ.

ಹತ್ತನೆಯ ಸಲ ಕೇಳುವಾಗ ನನಗೆ ಬೇಸರ ಬರಬೇಕಿತ್ತು, ಬರಲಿಲ್ಲ. ಮೈ ಜುಮ್ಮೆನ್ನುವುದೂ ನಿಲ್ಲಲಿಲ್ಲ. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ತೀರ್ಪುಗಾರರು, ನಿವೃತ್ತ ಗಣಿತದ ಮಾಸ್ತರರು, ಪ್ರತಿ ಸಲವೂ ಅದೇ ಜಾಗಕ್ಕೆ ಬಂದಾಗ ಬೆನ್ನು ನೆಟ್ಟಗೆ ಮಾಡಿ ಕೂಡುತ್ತಿದ್ದರು. ಮನೆಗೆ ಬರುವ ಬಸ್ಸಿನಲ್ಲಿ ಒಂದು ಪ್ರಶ್ನೆ ತಲೆಯಲ್ಲಿ ಸುತ್ತತೊಡಗಿತು. ಅಷ್ಟು ಸಲ ಕೇಳಿಯೂ ಸವೆಯದ ಈ ಮಾತಿನಲ್ಲಿ ಏನಿದೆ? ಅದು ನಮ್ಮನ್ನು ಒಪ್ಪಿಸುತ್ತದೆ, ಸರಿ. ಯಾವುದನ್ನು ಒಪ್ಪಿಸುತ್ತದೆ?

ಮೊದಲು ಮಾತಿನ ಮೂಲ ನೋಡೋಣ. ನಾವು ಬಾಯಿಪಾಠ ಮಾಡಿದ ಈ ಮಾತು ಇತಿಹಾಸದ ಕಾಗದಗಳಿಂದ ಬಂದದ್ದಲ್ಲ, ಸಿನೆಮಾದಿಂದ ಬಂದದ್ದು. ಬಿ.ಆರ್. ಪಂತುಲು ಅವರು 1961ರಲ್ಲಿ ತೆಗೆದ 'ಕಿತ್ತೂರು ಚೆನ್ನಮ್ಮ'ದಲ್ಲಿ ಬಿ. ಸರೋಜಾದೇವಿ ಅದನ್ನು ಆಡಿದರು. ಅದಕ್ಕೆ ಎರಡು ವರ್ಷ ಮೊದಲು, 1959ರಲ್ಲಿ, ಅದೇ ಪಂತುಲು ತಮಿಳಿನಲ್ಲಿ 'ವೀರಪಾಂಡಿಯ ಕಟ್ಟಬೊಮ್ಮನ್' ತೆಗೆದಿದ್ದರು. ಅಲ್ಲಿ ಶಿವಾಜಿ ಗಣೇಶನ್ ಪಾಂಚಾಲಂಕುರಿಚಿಯ ಪಾಳೆಯಗಾರನಾಗಿ ಜಾಕ್ಸನ್ ದೊರೆಯ ಮುಂದೆ ನಿಂತು ಆಡುವ ಮಾತು ತಮಿಳುನಾಡಿನ ಮಕ್ಕಳಿಗೆ ಇವತ್ತಿಗೂ ಬಾಯಿಪಾಠ. ಶಕ್ತಿ ಕೃಷ್ಣಸಾಮಿ ಬರೆದದ್ದು, ಮೊದಲು ನಾಟಕವಾಗಿ ಆಡಿದ್ದು. ಎರಡು ದೃಶ್ಯಗಳನ್ನು ಒಂದರ ಬೆನ್ನಿಗೆ ಒಂದು ನೋಡಿದವರಿಗೆ ಒಡಹುಟ್ಟಿದವು ಎಂದು ತಿಳಿಯಲು ತಡವಾಗದು. ಮಳೆ ತನ್ನಷ್ಟಕ್ಕೆ ಸುರಿಯುತ್ತದೆ, ನೆಲ ತನ್ನಷ್ಟಕ್ಕೆ ಬೆಳೆಯುತ್ತದೆ ಎಂಬ ಆರಂಭ, ಹೊಲದ ಕೆಲಸಗಳನ್ನು ಒಂದೊಂದಾಗಿ ಎತ್ತಿ ನೀನು ಇದನ್ನು ಮಾಡಿದೆಯಾ ಎಂದು ಕೇಳುವ ನಡು, ಯಾವ ನಂಟಿನವ ಎಂದು ತಿವಿಯುವ ಕೊನೆ, ಎಲ್ಲ ಅದೇ ಎಲುಬಿನ ಗೂಡು.

ಇದನ್ನು ಹೇಳಿದರೆ ನಮ್ಮ ಕಡೆ ಕೆಲವರಿಗೆ ಸಿಟ್ಟು ಬರುತ್ತದೆ. ನಮ್ಮ ರಾಣಿಯ ಮಾತು ಎರವಲು ಅಂತೀರಾ ಎಂದು ಒಬ್ಬರು ನನ್ನನ್ನು ಸಭೆಯಲ್ಲೇ ಕೇಳಿದ್ದರು. ಎರವಲು ಅಂದರೆ ಕಳವು ಎಂದು ತಿಳಿಯಬೇಕಾಗಿಲ್ಲ. ಕಂಪನಿ ಬಗ್ಗೆ ಮಾತಾಡುವ ದಾಟಿ, ಬೈಯುವ ಕ್ರಮ, ಕಣ್ಣೀರಿನ ಜಾಗ ಇವೆಲ್ಲ ದಕ್ಷಿಣದ ನಾಟಕ ಕಂಪನಿಗಳಲ್ಲಿ ಭಾಷೆಯಿಂದ ಭಾಷೆಗೆ ಮೈಕೊಡವಿಕೊಂಡು ಹೋಗುತ್ತಿದ್ದವು. ಅದು ಆ ಕಾಲದ ನಡೆ. ನನಗೆ ಕುತೂಹಲ ಇರುವುದು ಬೇರೆಡೆ. ಕಟ್ಟಬೊಮ್ಮನ ಜಗಳ ನಿಜಕ್ಕೂ ಕಪ್ಪದ ಜಗಳವಾಗಿತ್ತು. 1798ರಲ್ಲಿ ಕಲೆಕ್ಟರ್ ಜಾಕ್ಸನ್ ಬಾಕಿ ಕೇಳಿದ, ಅದರಿಂದಲೇ ಬೆಂಕಿ ಹತ್ತಿತು, ಮರುವರ್ಷ ಕಟ್ಟಬೊಮ್ಮನನ್ನು ಗಲ್ಲಿಗೇರಿಸಿದರು. ಆ ಮಾತು ಅಲ್ಲಿಯ ಇತಿಹಾಸಕ್ಕೆ ಹೊಂದುತ್ತದೆ. ಕಿತ್ತೂರಿಗೆ?

ಕಿತ್ತೂರಿನ ಕಥೆಯ ಕಾಗದಗಳಲ್ಲಿ ಕಪ್ಪ ಇದೆ, ಆದರೆ ಜಗಳದ ಕಾರಣವಾಗಿ ಇಲ್ಲ. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದಾಗ ಕಿತ್ತೂರು ದೇಸಗತಿ ಮನ್ರೋನ ಜೊತೆ ಒಪ್ಪಂದ ಮಾಡಿಕೊಂಡು ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಗೂ ಮಿಕ್ಕು ಕಂಪನಿಗೆ ಕೊಡಲು ಒಪ್ಪಿತ್ತು. ಅದಕ್ಕೆ ಮೊದಲು ಪೇಶ್ವೆಗೆ ಕೊಡುತ್ತಿತ್ತು. ಜಗಳ ಹತ್ತಿದ್ದು 1824ರ ಸೆಪ್ಟೆಂಬರಿನಲ್ಲಿ, ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ. ಆತ ಸಾಯುವ ಮುಂಚೆ ದತ್ತಕ ತೆಗೆದುಕೊಂಡಿದ್ದಾನೆ ಎಂದು ಕಿತ್ತೂರಿನ ಕಡೆಯಿಂದ ಪತ್ರ ಹೋಯಿತು. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಆ ಪತ್ರವನ್ನು ನಂಬಲಿಲ್ಲ. ಸಹಿಯ ಮೇಲೆ ಸಂಶಯ, ತಾರೀಖಿನ ಮೇಲೆ ಸಂಶಯ, ಕಂಪನಿಯ ಒಪ್ಪಿಗೆ ಪಡೆಯದ ದತ್ತಕ ನಡೆಯುವುದಿಲ್ಲವೆಂಬ ಹಟ. ಖಜಾನೆಗೆ ಮೊಹರು ಬಿತ್ತು. ಚೆನ್ನಮ್ಮ ಮುಂಬೈ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಬರೆಸಿದಳು, ಫಲ ಸಿಗಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಬಾಗಿಲ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. (ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಗೆ ಈತ ಚಿಕ್ಕಪ್ಪನಾಗಬೇಕು.)

ಅಂದರೆ ಜಗಳದ ತಿರುಳು ಒಂದು ಪತ್ರ, ಒಂದು ಸಹಿ, ಒಂದು ತಾರೀಖು. ಇದನ್ನು ಇಟ್ಟುಕೊಂಡು ಸಿನೆಮಾದ ಸಂಭಾಷಣೆ ಬರೆಯಲು ಕೂತವರ ಕಷ್ಟವನ್ನು ಯೋಚಿಸಿ. "ನಮ್ಮ ದತ್ತಕ ಶಾಸ್ತ್ರೋಕ್ತವಾಗಿದೆ, ಸಹಿ ನಡುಗಿದ್ದರೆ ಅದು ಕಾಯಿಲೆಯವನ ಕೈ ಎಂಬ ಕಾರಣಕ್ಕೆ" ಎಂದು ರಾಣಿ ವಾದಿಸಿದರೆ ಅದು ನ್ಯಾಯದ ಮಾತೇ. ಆದರೆ ಟೆಂಟಿನಲ್ಲಿ ಮರಳ ಮೇಲೆ ಕೂತ ಪ್ರೇಕ್ಷಕನಿಗೆ ದೇಸಾಯರ ಮನೆಯ ವಾರಸುದಾರ ಯಾರು ಎಂಬುದು ಪರರ ಮನೆಯ ಮಾತು. ಅವನಿಗೆ ದತ್ತಕ ಇಲ್ಲ, ವಾಡೆ ಇಲ್ಲ. ಹೊಲ ಇದೆ. ಹೊಲಕ್ಕೆ ತೆರಿಗೆ ಇದೆ. ಬರೆದವರು ಪ್ರಶ್ನೆಯನ್ನೇ ಬದಲಿಸಿದರು. ವಾದಕ್ಕೆ ಇಳಿಯುವ ಮುಂಚೆ ಯಾವ ಪ್ರಶ್ನೆಯ ಮೇಲೆ ವಾದ ನಡೆಯಬೇಕು ಎಂದು ಗೊತ್ತು ಮಾಡಿಕೊಂಡವನು ಅರ್ಧ ಗೆದ್ದ ಹಾಗೆ. ನಮ್ಮ ಕೋರ್ಟಿನ ವಕೀಲರಿಗೆ, ಊರಿನ ಪಂಚರಿಗೆ, ಸಾಲ ಕೇಳಲು ಬಂದ ಅಳಿಯನಿಗೆ ಎಲ್ಲರಿಗೂ ಈ ವಿದ್ಯೆ ಗೊತ್ತು. ಮನವೊಲಿಕೆಯ ಪಾಠಗಳಲ್ಲಿ ಇದನ್ನು ಮಾತ್ರ ಕೊನೆಗೆ ಹೇಳುತ್ತಾರೆ, ಉಪಮೆ ರೂಪಕಗಳನ್ನೆಲ್ಲ ಮುಗಿಸಿದ ಮೇಲೆ.

ಈಗ ಮಾತಿನ ಒಳಗೆ ಇಳಿಯೋಣ. ಅದರ ಮೊದಲ ಉಪಾಯ ಪ್ರಶ್ನೆ. ಉತ್ತರ ಬೇಡದ ಪ್ರಶ್ನೆಗೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಹಳೆಯ ಹೆಸರೊಂದಿದೆ: ಕಾಕು. ದನಿಯ ಏರಿಳಿತದಿಂದಲೇ ಅರ್ಥ ತಿರುಗುವುದು ಕಾಕು. ರುದ್ರಟ ವಕ್ರೋಕ್ತಿಯನ್ನು ಎರಡು ಬಗೆ ಮಾಡಿ ಶ್ಲೇಷದ ಜೊತೆ ಇದನ್ನು ಇಟ್ಟ. ಬರೆದ ಕಾಗದದಲ್ಲಿ ಕಾಕು ಕಾಣುವುದಿಲ್ಲ, ಕೇಳಬೇಕು. ಮನೆಯಲ್ಲಿ ಅವ್ವ "ನೀ ಭಾಳ ದುಡದ್ ತಂದೀ ನೋಡು" ಅಂದಾಗ ಅದು ಹೊಗಳಿಕೆಯಲ್ಲವೆಂದು ನಾಲ್ಕು ವರ್ಷದ ಮಗುವಿಗೂ ತಿಳಿಯುತ್ತದೆ. ಕಪ್ಪದ ಮಾತಿನ ಅಷ್ಟೂ ಪ್ರಶ್ನೆಗಳು ಕಾಕುವಿನವು. ನೀನು ಉತ್ತೆಯಾ ಎಂದರೆ ನೀನು ಉಳಲಿಲ್ಲ ಎಂದೇ ಅರ್ಥ. ಹಾಗಾದರೆ ನೇರವಾಗಿ ನೀನು ಉಳಲಿಲ್ಲ ಎನ್ನಬಹುದಿತ್ತಲ್ಲ? ಅಂದರೆ ಅದು ರಾಣಿಯ ಆರೋಪವಾಗುತ್ತಿತ್ತು. ಪ್ರಶ್ನೆಯಾದಾಗ ಉತ್ತರವನ್ನು ಕೇಳುವವನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾನೆ. "ಇಲ್ಲ" ಎಂಬುದು ಅವನ ಬಾಯಿಂದಲೇ ಬಂದ ಮಾತಾಗುತ್ತದೆ. ತಾನೇ ಹೇಳಿದ ಮಾತನ್ನು ಯಾರಾದರೂ ಅಲ್ಲಗಳೆಯುತ್ತಾರೆಯೇ?

(ಈಗ ಮೇಲೆ ನಾನು ಮಾಡಿದ್ದೂ ಅದೇ. ಓದುವಾಗ ಅಂಥ ಪ್ರಶ್ನೆ ಸಿಕ್ಕರೆ ಒಂದು ಕ್ಷಣ ನಿಂತು "ಹೌದು, ಅಲ್ಲಗಳೆಯುತ್ತಾರೆ" ಎಂದು ಹೇಳಿ ನೋಡಿ. ಲೇಖಕ ಎಲ್ಲಿ ಅವಸರದಲ್ಲಿ ದಾಟಿದ್ದಾನೆ ಎಂದು ತಿಳಿಯುತ್ತದೆ.)

ಎರಡನೆಯದು ಎಣಿಕೆ. ಹೊಲದ ಕೆಲಸ ಎಂದು ಒಂದು ಮಾತಲ್ಲಿ ಮುಗಿಸಬಹುದಾದದ್ದನ್ನು ಉಳುಮೆ, ಬಿತ್ತನೆ, ಕಳೆ, ನೀರು ಎಂದು ಬಿಡಿಸಿ ಬಿಡಿಸಿ ಮುಂದಿಡುತ್ತಾರೆ. ಎಣಿಕೆ ಕೇಳುವವನ ಮೈಯಲ್ಲಿ ಕೆಲಸ ಮಾಡುತ್ತದೆ. ಬಿತ್ತಿದವನಿಗೆ ಬೆನ್ನು ನೋವು ನೆನಪಾಗುತ್ತದೆ, ಕಳೆ ತೆಗೆದವಳಿಗೆ ಬೆರಳು ನೆನಪಾಗುತ್ತದೆ. ಒಟ್ಟು ಮೊತ್ತ ಹೇಳಿದರೆ ತಲೆ ಒಪ್ಪುತ್ತದೆ, ಬಿಡಿಬಿಡಿಯಾಗಿ ಹೇಳಿದರೆ ಮೈ ಒಪ್ಪುತ್ತದೆ. ಬಡ್ಡಿ ವ್ಯಾಪಾರದವರು ಇದಕ್ಕೆ ತಿರುಗುಮುರುಗಾಗಿ ನಡೆದುಕೊಳ್ಳುವುದನ್ನು ನೋಡಿರಬಹುದು: ನಮ್ಮ ಲಾಭವನ್ನು ಬಿಡಿಬಿಡಿಯಾಗಿ ಹೇಳಿ, ಕೊಡಬೇಕಾದ್ದನ್ನು ಒಟ್ಟಿಗೆ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ.

ಇಂಥ ಪ್ರಶ್ನೆಯ ಸರಣಿಯನ್ನು ಕೇಳುವ ಕಿವಿ ಈ ಸೀಮೆಗೆ ಮೊದಲಿಂದ ಇತ್ತು ಎನ್ನುವುದನ್ನೂ ಮರೆಯಬಾರದು. ಬೆಳಗಾವಿ ಕಡೆಯ ಗೀಗೀ ಮೇಳಗಳಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ. ಒಬ್ಬರು ಗಂಡು ಹೆಚ್ಚೆಂದು ಹಾಡಿದರೆ ಇನ್ನೊಬ್ಬರು ಹೆಣ್ಣು ಹೆಚ್ಚೆಂದು ಹಾಡುತ್ತಾರೆ. ರಾತ್ರಿಯಿಡೀ ಸವಾಲು, ಜವಾಬು. ಡಪ್ಪು, ತುಂತುಣಿಯ ನಡುವೆ ಕೂತವರಿಗೆ ಯಾರು ಸರಿ ಎಂಬ ತೀರ್ಮಾನಕ್ಕಿಂತ ಯಾರ ಸವಾಲಿಗೆ ಎದುರಾಳಿ ತೊದಲಿದ ಎಂಬುದೇ ಬೆಳಗಿನ ಚಹಾದ ಹೊತ್ತಿನ ಸುದ್ದಿ. ಮರುದಿನ ಇನ್ನೊಂದೂರಿನಲ್ಲಿ ಅದೇ ಗಾಯಕ ಬೇಕಾದರೆ ಎದುರು ಪಕ್ಷದ ವಾದವನ್ನೂ ಅಷ್ಟೇ ಚೆನ್ನಾಗಿ ಹಾಡಬಲ್ಲ. ವಾದದ ಬಲ ಬೇರೆ, ವಾದದ ಸತ್ಯ ಬೇರೆ ಎಂಬ ವಿವೇಕ ಗೀಗೀ ಕೇಳುವ ಅನಕ್ಷರಸ್ಥ ಮುದುಕನಿಗೆ ಇತ್ತು. ಸಾಹಿತ್ಯ ಓದಿದ ನಮಗೆ ಅದು ಕೆಲವೊಮ್ಮೆ ತಪ್ಪಿಹೋಗುತ್ತದೆ. ಕಂಪನಿ ನಾಟಕದ ಕಿವಿಯೂ ಇಲ್ಲಿತ್ತು. ಏಣಗಿ ಬಾಳಪ್ಪನವರು ಇದೇ ಸವದತ್ತಿ ತಾಲೂಕಿನ ಏಣಗಿಯವರು. ಮೈಕು ಇಲ್ಲದ ಕಾಲದಲ್ಲಿ ಕಟ್ಟಕಡೆಯ ಸಾಲಿನವನಿಗೂ ಮಾತು ಮುಟ್ಟಬೇಕಾದರೆ ವಾಕ್ಯ ಚಿಕ್ಕದಿರಬೇಕು, ಭಾರ ಕೊನೆಯ ಪದದ ಮೇಲೆ ಬೀಳಬೇಕು. ಕಪ್ಪದ ಮಾತನ್ನು ಹೇಳಿ ನೋಡಿ, ಭಾರ ಎಲ್ಲಿ ಬೀಳುತ್ತದೆ ಎಂದು ನಾಲಿಗೆಗೇ ತಿಳಿಯುತ್ತದೆ.

ಮೂರನೆಯದು ನಂಟಸ್ತಿಕೆಯ ಪ್ರಶ್ನೆ. ನೀನು ನಮಗೆ ಏನಾಗಬೇಕು ಎಂದು ಕೇಳುವುದು. ಇದು ತರ್ಕದ ದೃಷ್ಟಿಯಿಂದ ಅಸಂಬದ್ಧ. ತೆರಿಗೆಯನ್ನು ಯಾವ ಕಾಲಕ್ಕೂ ನೆಂಟರು ಕೇಳಿದ್ದಿಲ್ಲ. ಆದರೆ ನಮ್ಮ ಊರುಗಳಲ್ಲಿ ಕೊಡುಕೊಳ್ಳುವಿಕೆಯ ಲೆಕ್ಕ ನಡೆಯುವುದೇ ಮಾವ, ಕಾಕಾ, ಅಳಿಯ ಎಂಬ ಹೆಸರುಗಳ ಮೇಲೆ. ಆಯಕ್ಕೆ ದುಡಿಯುವ ಬಡಿಗನಿಗೆ ಕಾಳು ಅಳೆದು ಕೊಡುವಾಗಲೂ "ತಗೋ ಮಾಮಾ" ಎಂದೇ ಕೊಡುವುದು. ಆ ಲೋಕದಲ್ಲಿ ಯಾವ ಹೆಸರೂ ಇಲ್ಲದವನು ಕೈಚಾಚಿದರೆ ಅವನು ಭಿಕ್ಷುಕ, ಇಲ್ಲವೆ ಕಳ್ಳ. ಒಂದು ಪ್ರಶ್ನೆಯಿಂದ ಸಾಮ್ರಾಜ್ಯದ ಅಧಿಕಾರಿಯನ್ನು ಈ ಎರಡರಲ್ಲಿ ಒಂದು ಮಾಡಿ ಕೂರಿಸಿದ್ದು ಸಣ್ಣ ಕೆಲಸವಲ್ಲ. ತಮಿಳಿನಿಂದ ಕನ್ನಡಕ್ಕೆ ಬಂದರೂ ಆ ಜಾಗ ಸ್ವಲ್ಪವೂ ಸಡಿಲವಾಗಲಿಲ್ಲ, ಏಕೆಂದರೆ ನಂಟಸ್ತಿಕೆಯ ಲೆಕ್ಕ ಎರಡೂ ಕಡೆ ಒಂದೇ.

ಈ ಮಾತನ್ನು ಥ್ಯಾಕರೆಗೆ ಹೇಳುತ್ತಿದ್ದಾಳೆ ಎಂದು ಮಕ್ಕಳು ಅಂದುಕೊಂಡಿದ್ದಾರೆ. ಅಲ್ಲಿ ಎದುರಿಗೆ ನಿಂತವನು ಅವನೇ, ನಿಜ. ಆದರೆ ಈ ಪ್ರಶ್ನೆಗಳಿಂದ ಅವನ ಮನಸ್ಸು ತಿರುಗುವುದು ಸಾಧ್ಯವೇ ಇಲ್ಲ, ತಿರುಗಲಿ ಎಂಬ ಆಸೆಯೂ ಮಾತಿನಲ್ಲಿಲ್ಲ. ಒಬ್ಬನನ್ನು ಒಲಿಸಬೇಕಾದವರು ಹೀಗೆ ಮಾತಾಡುವುದಿಲ್ಲ. ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನನ್ನು ಒಲಿಸಲು ಹೊರಟಾಗ ಮೊದಲು ಮಾಡಿದ ಕೆಲಸ ಅವನನ್ನು ಸಭೆಯಿಂದ ಬೇರೆ ಮಾಡಿದ್ದು. ಪಕ್ಕಕ್ಕೆ ಕರೆದು, ಹತ್ತಿರ ಕೂರಿಸಿಕೊಂಡು, ದನಿ ತಗ್ಗಿಸಿ ಜನ್ಮದ ಗುಟ್ಟು ಹೇಳಿದ. ನಂಟಸ್ತಿಕೆಯ ಅಸ್ತ್ರವೇ ಅಲ್ಲೂ ಇದೆ: ನೀನು ನಮ್ಮವನು. ಕೋಟೆಯ ಬಾಗಿಲಲ್ಲಿ ಅದೇ ಅಸ್ತ್ರ ತಿರುಗಿ ನಿಂತಿದೆ: ನೀನು ನಮ್ಮವನಲ್ಲ. ಒಲಿಸುವ ಮಾತಿಗೆ ಇಬ್ಬರು ಸಾಕು. ಕಪ್ಪದ ಮಾತಿಗೆ ಮೂರನೆಯವನು ಬೇಕು, ಅಂದರೆ ಸುತ್ತ ನಿಂತ ದರಬಾರು, ಅದರ ಹಿಂದೆ ಟೆಂಟಿನ ಪ್ರೇಕ್ಷಕ, ಅವನ ಹಿಂದೆ ಶಾಲೆಯ ಕಟ್ಟೆಯ ಮುಂದಿನ ನಾವು. ಶತ್ರುವಿನ ಕಡೆ ಮುಖ ಮಾಡಿ ಸ್ವಂತದವರೊಡನೆ ಆಡುವ ಮಾತು ಇದು. ವಿಧಾನಸಭೆಯ ಭಾಷಣಗಳನ್ನು ಟಿವಿಯಲ್ಲಿ ನೋಡುವವರಿಗೆ ಇದು ಹೊಸದಲ್ಲ. ಮಂತ್ರಿಯ ಕಡೆ ಬೆರಳು ತೋರಿಸುತ್ತಾರೆ, ಕಣ್ಣು ಕ್ಯಾಮೆರಾದ ಮೇಲಿರುತ್ತದೆ.

ತಗ್ಗಿದ ದನಿಯ ಮನವೊಲಿಕೆಗೆ ಬೈಲಹೊಂಗಲಕ್ಕೆ ತನ್ನದೇ ಕಥೆ ಇದೆ, ಸಂಗ್ಯಾ-ಬಾಳ್ಯಾ. ಈ ಊರಲ್ಲಿ ನಡೆದ ಕೊಲೆಯೊಂದರ ಸುತ್ತ ಹುಟ್ಟಿದ ಸಣ್ಣಾಟ. ಚಂದ್ರಶೇಖರ ಕಂಬಾರರು ಸಂಪಾದಿಸಿದ ಮೇಲೆ ನಾಡಿಗೆಲ್ಲ ಗೊತ್ತಾಯಿತು. ಅಲ್ಲಿ ಒಬ್ಬರೂ ಸಭೆಯಲ್ಲಿ ಗುಡುಗುವುದಿಲ್ಲ. ಗೆಳೆಯ ಗೆಳೆಯನನ್ನು ಒಲಿಸುತ್ತಾನೆ, ಕುಂಟಣಿ ಮುದುಕಿ ಗಂಗಿಯನ್ನು ಒಲಿಸುತ್ತಾಳೆ, ಕೊನೆಗೆ ಅದೇ ಗೆಳೆಯ ಬಾಳ್ಯಾನನ್ನು ಎದುರು ಕಡೆಯವರು ಒಲಿಸಿಕೊಳ್ಳುತ್ತಾರೆ. ಬಾಗಿಲ ಸಂದಿಯಲ್ಲಿ, ಹಿತ್ತಲಲ್ಲಿ ಆಡಿದ ಮಾತುಗಳೇ ಒಬ್ಬನ ಹೆಣ ಕೆಡವುತ್ತವೆ. ಮನವೊಲಿಕೆ ಅಂದರೆ ಭಾಷಣ ಎಂದು ತಿಳಿದಿರುವ ವಿದ್ಯಾರ್ಥಿಗಳಿಗೆ ನಾನು ಮೊದಲು ಇದನ್ನು ಓದಿಸುತ್ತೇನೆ. ಭಾಷಣದಲ್ಲಿ ಮೋಸ ಹೋದರೆ ಸಾವಿರ ಜನರ ಜೊತೆ ಹೋಗುತ್ತೇವೆ, ಪಿಸುಮಾತಿನಲ್ಲಿ ಒಬ್ಬರೇ ಹೋಗುತ್ತೇವೆ.

ಕಪ್ಪದ ಮಾತಿನ ನಾಲ್ಕನೆಯ ಉಪಾಯ ನನಗೆ ಬಹಳ ದಿನ ಕಾಣಿಸಿರಲಿಲ್ಲ. ಕಾಣಿಸಿದ್ದು ಒಬ್ಬ ಹುಡುಗನಿಂದ. ಆ ಸ್ಪರ್ಧೆಯ ಮರುವಾರ ನಮ್ಮ ಪದವಿ ತರಗತಿಯಲ್ಲಿ ಈ ಮಾತನ್ನೇ ಪಾಠಕ್ಕೆ ಎತ್ತಿಕೊಂಡೆ. ಕಾಕು, ಎಣಿಕೆ, ನಂಟು ಎಂದು ಹಲಗೆಯ ಮೇಲೆ ಬರೆದು ತೃಪ್ತಿಯಿಂದ ತಿರುಗಿದಾಗ ಸಂಪಗಾಂವ ಕಡೆಯಿಂದ ಬರುವ ಹುಡುಗನೊಬ್ಬ ಎದ್ದು ನಿಂತ. "ಸರ್, ರಾಣಿಯವರರೆ ಯಾವಾಗ ರಂಟಿ ಹೊಡದಿದ್ರರಿ?" ಎಂದ. ತರಗತಿ ನಕ್ಕಿತು. ಅವನು ನಗಿಸಲು ಕೇಳಿದ್ದಲ್ಲ. ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

ಅವನ ಪ್ರಶ್ನೆ ಬಿದ್ದದ್ದು ಮಾತಿನ ಅತ್ಯಂತ ಬಲವಾದ, ಅತ್ಯಂತ ಚಿಕ್ಕ ಪದದ ಮೇಲೆ. "ನಾವು." ಉತ್ತವರು ನಾವು, ಬೆಳೆದವರು ನಾವು. ದೇಸಾಯರ ವಾಡೆಯ ರಾಣಿ ರೈತನ ಮಾತನ್ನು ತನ್ನ ಮಾತಾಗಿ ಆಡುತ್ತಾಳೆ. ಕಿತ್ತೂರು ದೇಸಗತಿಯೂ ಅದೇ ರೈತನಿಂದ ಕಂದಾಯ ಎತ್ತುತ್ತಿತ್ತು, ಎತ್ತಿದ್ದರಲ್ಲಿ ಒಂದು ಪಾಲನ್ನು ಕಂಪನಿಗೆ ಕೊಡುತ್ತಿತ್ತು. ನೀನು ಉತ್ತೆಯಾ, ಬಿತ್ತೆಯಾ ಎಂಬ ಪ್ರಶ್ನೆಯನ್ನು ರೈತ ವಾಡೆಯ ಕಡೆ ತಿರುಗಿ ಕೇಳಿದ್ದರೆ ಉತ್ತರ ಬೇರೆ ಇರುತ್ತಿತ್ತೇ? ಮಾತಿನ ವೇಗದಲ್ಲಿ ಇದು ಹೊಳೆಯುವುದಿಲ್ಲ. ಹೊಳೆಯದಂತೆ ನೋಡಿಕೊಳ್ಳುವುದೇ ಆ "ನಾವು" ಮಾಡುವ ಕೆಲಸ. ಕನ್ನಡದ "ನಾವು" ಎದುರಿಗೆ ಕೂತವನನ್ನು ಒಳಗೆ ಸೇರಿಸಿಕೊಂಡಿದೆಯೋ ಹೊರಗೆ ಬಿಟ್ಟಿದೆಯೋ ಹೇಳುವುದಿಲ್ಲ. ತಮಿಳಿನಲ್ಲಿ ಅದಕ್ಕೆ ಎರಡು ಬೇರೆ ಪದಗಳಿವೆ, ಕೇಳುವವನೂ ಸೇರಿದ ನಾವು ಒಂದು, ಅವನನ್ನು ಬಿಟ್ಟ ನಾವು ಇನ್ನೊಂದು. ನಮ್ಮಲ್ಲಿ ಒಂದೇ ಪದ ಎರಡೂ ಕೆಲಸ ಮಾಡುತ್ತದೆ. ಮಾತುಗಾರನಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೇ. ಪತ್ರಿಕೆಯ ಸಂಪಾದಕೀಯವಿರಲಿ, ಸ್ವಾಮಿಗಳ ಪ್ರವಚನವಿರಲಿ, ಕಂಪನಿಯೊಂದು ತನ್ನ ನೌಕರರಿಗೆ ಬರೆದ ಪತ್ರವಿರಲಿ, "ನಾವು" ಬಂದ ಕಡೆಯಲ್ಲೆಲ್ಲ ಅದರಲ್ಲಿ ಯಾರು ಯಾರು ಇದ್ದಾರೆ ಎಂದು ತಲೆ ಎಣಿಸುವುದು ಒಳ್ಳೆಯ ಅಭ್ಯಾಸ.

ಹಾಗಾದರೆ ಇದು ಸುಳ್ಳಿನ ಮಾತೇ? ಇಲ್ಲಿ ನಾನು ಆ ಹುಡುಗನ ಜೊತೆ ಪೂರ್ತಿ ಹೋಗಲಾರೆ. ಏಕೆಂದರೆ ಕಿತ್ತೂರಿನ ಕಥೆಯಲ್ಲಿ ಭೂಮಿ, ತೆರಿಗೆಗಳ ಜಗಳ ನಿಜವಾಗಿ ಇದೆ. ಅದು ರಾಣಿಯದಲ್ಲ, ರಾಯಣ್ಣನದು. ಡಿಸೆಂಬರದಲ್ಲಿ ಕಂಪನಿ ಮತ್ತೆ ದಂಡು ತಂದು ಕೋಟೆ ಹಿಡಿಯಿತು, ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟಿತು, 1829ರಲ್ಲಿ ಅವಳು ಅಲ್ಲೇ ತೀರಿಕೊಂಡಳು. ಸಂಗೊಳ್ಳಿಯ ರಾಯಣ್ಣ ವಾಲೀಕಾರ ಮನೆತನದವನು, ಶೇತಸನದಿ. ಊರ ಕಾವಲಿನ ಚಾಕರಿಗೆ ಪ್ರತಿಯಾಗಿ ಬಂದ ಇನಾಂ ಹೊಲ ಅವನಂಥವರ ಬದುಕು. ಕಂಪನಿ ಸರ್ಕಾರ ಆ ಹೊಲಗಳಲ್ಲಿ ಕಸಿಯುವಷ್ಟು ಕಸಿದು, ಉಳಿದುದರ ಮೇಲೆ ತೆರಿಗೆ ಏರಿಸಿತು. 1830ರಲ್ಲಿ ಅವನ ಜೊತೆ ಎದ್ದವರು ವಾರಸುದಾರನ ಪರವಾಗಿಯೂ ಎದ್ದರು, ಹೊಲಕ್ಕಾಗಿಯೂ ಎದ್ದರು. ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಇಟ್ಟು ದಫ್ತರ ಸುಟ್ಟರು. ಎದುರಾಳಿಯ ವಾದವೆಲ್ಲ ಕಾಗದದಲ್ಲಿದ್ದಾಗ, ಆ ಕಾಗದ ಓದಲು ತನಗೆ ಬಾರದಿದ್ದಾಗ, ಕೊಡಬಹುದಾದ ಜವಾಬು ಬಹುಶಃ ಅದೊಂದೇ. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು.

ನನ್ನ ಊಹೆ ಇಷ್ಟು: ಸಿನೆಮಾದ ಮಾತು ಇತಿಹಾಸದ ರಾಣಿಯ ಬಾಯಿಗೆ ಒಗ್ಗದಿದ್ದರೂ ಅವಳ ಸೀಮೆಯ ಜನರ ಬಾಯಿಗೆ ಒಗ್ಗುವ ಮಾತು. ಶೇತಸನದಿಗಳ ದೂರನ್ನು ತೆಗೆದು ರಾಣಿಯ ಬಾಯಿಗೆ ಇಟ್ಟಿದ್ದಾರೆ. ಇಟ್ಟವರಿಗೆ ಇದು ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಅವರು ತಮಿಳಿನಲ್ಲಿ ಗೆದ್ದ ದೃಶ್ಯವನ್ನು ತಂದರು, ಅಷ್ಟೆ. ಆದರೆ ಜನ ಅದನ್ನು ಅರವತ್ತು ವರ್ಷ ಬಿಡದೆ ಹಿಡಿದುಕೊಂಡರಲ್ಲ, ಅದಕ್ಕೆ ಕಾರಣ ಇಲ್ಲೇ ಎಲ್ಲೋ ಇದೆ. ಒಂದು ಮಾತು ಎರವಲಾಗಿ ಬಂದು, ತಪ್ಪು ಬಾಯಲ್ಲಿ ಕೂತು, ಆದರೂ ಸರಿಯಾದ ಗಾಯವನ್ನು ಮುಟ್ಟಬಹುದು. ವಿಮರ್ಶೆ ಈ ಮೂರನ್ನೂ ಒಟ್ಟಿಗೆ ಹೇಳಬೇಕು. ಒಂದನ್ನೇ ಹೇಳುವವರನ್ನು ನಾನು ನಂಬುವುದಿಲ್ಲ.

ಈ ಪ್ರಶ್ನೆ ಮತ್ತೊಮ್ಮೆ ಎದ್ದದ್ದು ನಮ್ಮದೇ ಸರ್ಕಾರದ ಎದುರು. ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ ಅಚ್ಚುಕಟ್ಟಿನ ಹೊಲಗಳಿಗೆ ಅಭಿವೃದ್ಧಿ ಕರ ಹೇರಿದರು. ನೀರು ಬಂದ ಹೊಲಕ್ಕೂ ಕರ, ಬಾರದ ಹೊಲಕ್ಕೂ ಕರ. 1980ರಲ್ಲಿ ನರಗುಂದ, ನವಲಗುಂದ, ಸವದತ್ತಿ ಕಡೆಯ ರೈತರು ಕೊಡುವುದಿಲ್ಲ ಎಂದರು. ಜುಲೈ 21ರಂದು ಗೋಲಿಬಾರು ನಡೆಯಿತು, ಜೀವಗಳು ಹೋದವು. ಆ ದಿನಗಳಲ್ಲಿ ಹೊಲದ ಬದುವಿನ ಮೇಲೆ ಆಡಿದ ಮಾತುಗಳ ತಿರುಳು ಕಪ್ಪದ ಮಾತಿನದೇ: ನೀರು ಕೊಡದವನಿಗೆ ಏಕೆ ಕೊಡಬೇಕು? ಇಲ್ಲಿ "ನಾವು" ಎಂದವನು ನಿಜವಾಗಿ ರಂಟಿ ಹೊಡೆದವನು. ಎದುರಿಗಿದ್ದವರು ಪರದೇಶಿಗಳಾಗಿರಲಿಲ್ಲ, ವೋಟು ಹಾಕಿ ಕಳಿಸಿದವರು. ನೀನು ಯಾವ ನಂಟ ಎಂದು ಕೇಳುವ ಸೌಲಭ್ಯ ಆ ರೈತನಿಗೆ ಇರಲಿಲ್ಲ. ಅದಕ್ಕೇ ಇರಬೇಕು, ಆ ಮಾತುಗಳನ್ನು ಯಾವ ಶಾಲೆಯಲ್ಲೂ ಏಕಪಾತ್ರಾಭಿನಯ ಮಾಡಿಸುವುದಿಲ್ಲ.

ಎದುರು ಪಕ್ಷದ ಅಂದರೆ ಕಂಪನಿಯ ಮಾತಿನ ಬಗೆಯನ್ನೂ ಒಂದಿಷ್ಟು ನೋಡಬೇಕು, ಏಕೆಂದರೆ ನಾವೀಗ ದಿನವೂ ಓದುವುದು ಆ ಬಗೆಯನ್ನೇ. ಅದರಲ್ಲಿ ಪ್ರಶ್ನೆ ಇಲ್ಲ, ಆವೇಶ ಇಲ್ಲ, "ನಾನು" ಕೂಡ ಇಲ್ಲ. ಸಹಿ ಸಂದೇಹಾಸ್ಪದವೆಂದು ಕಂಡುಬಂದಿದೆ. ಯಾರಿಗೆ ಕಂಡುಬಂತು? ಮಂಜೂರಾತಿ ಪಡೆಯತಕ್ಕದ್ದು. ಯಾರು ಹೇಳಿದ್ದು? ಕರ್ತೃ ಇಲ್ಲದ ವಾಕ್ಯದ ಜೊತೆ ಜಗಳವಾಡಲು ಬರುವುದಿಲ್ಲ. ಇದೂ ಮನವೊಲಿಕೆಯೇ. ನಾನು ಏನನ್ನೂ ಒಪ್ಪಿಸಲು ಹೊರಟಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ ಎಂದು ನಂಬಿಸುವುದು ಅದರ ಮೊದಲ ಗೆಲುವು. ಹಳೆಯ ಶಾಸನಗಳು ಈ ಮಟ್ಟಿಗೆ ಹೆಚ್ಚು ಪ್ರಾಮಾಣಿಕ. ಸವದತ್ತಿ ರಟ್ಟರ ರಾಜಧಾನಿಯಾಗಿದ್ದ ಊರು, ಶಾಸನಗಳಿಗೆ ಬರವಿಲ್ಲ. ದಾನಶಾಸನಗಳ ಕೊನೆಗೆ ಶಾಪಾಶಯವಿರುತ್ತದೆ: ಈ ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪ ಇತ್ಯಾದಿ. ಮುಂದೆ ಬರುವ ಅರಸನನ್ನು ತಡೆಯಲು ತನಗೆ ಬೇರೆ ಬಲವಿಲ್ಲವೆಂದು ಆ ಕಲ್ಲು ಒಪ್ಪಿಕೊಳ್ಳುತ್ತದೆ, ಹೆದರಿಸುತ್ತಿದ್ದೇನೆ ಎಂದೂ ಒಪ್ಪಿಕೊಳ್ಳುತ್ತದೆ. ಕಚೇರಿಯ ಪತ್ರ ಹೆದರಿಸುತ್ತದೆ, ಒಪ್ಪಿಕೊಳ್ಳುವುದಿಲ್ಲ.

ಒಂದು ಸಣ್ಣ ಸಂಗತಿ ಇಲ್ಲಿ ಹೇಳದೆ ಮುಂದೆ ಹೋಗಲಾರೆ. 1824ರ ಕಾಳಗದಲ್ಲಿ ಕಿತ್ತೂರಿಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಅವರನ್ನು ಕೋಟೆಯಲ್ಲಿ ಚೆನ್ನಾಗಿ ನೋಡಿಕೊಂಡರು. ಬಿಡುಗಡೆಯಾಗಿ ಹೋದ ಎಲಿಯಟ್ ಮುಂದೆ ಈ ಸೀಮೆಯ ನೂರಾರು ಕನ್ನಡ ಶಾಸನಗಳ ನಕಲು ಮಾಡಿಸಿದ. ಅದೇ ದಾರಿಯಲ್ಲಿ ನಡೆದ ಫ್ಲೀಟ್, ಶಾಸನಗಳ ಜೊತೆಗೆ ಲಾವಣಿಗಳನ್ನೂ ಕೂಡಿಸಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದ. ಸಂಗೊಳ್ಳಿ ರಾಯಣ್ಣನ ಲಾವಣಿ ಅವುಗಳಲ್ಲೊಂದು. ಸೆರೆಯಾಳನ್ನು ಚೆನ್ನಾಗಿ ನೋಡಿಕೊಂಡದ್ದು ಕಂಪನಿಯ ಮನಸ್ಸನ್ನು ತಿರುಗಿಸಲಿಲ್ಲ. ಆದರೆ ನಡತೆಯೂ ಒಂದು ವಾದವಾದರೆ ಚೆನ್ನಮ್ಮ ನಿಜವಾಗಿ ಮಂಡಿಸಿದ ವಾದಗಳಲ್ಲಿ ಅದು ಒಂದು, ಪತ್ರಗಳು ಇನ್ನೊಂದು. ಅವಳು ಕಾಗದದ ದಾರಿಯನ್ನು ಮೊದಲು ಹಿಡಿದಳು, ಖಡ್ಗದ ದಾರಿಯನ್ನು ಆಮೇಲೆ. ನಮ್ಮ ಏಕಪಾತ್ರಾಭಿನಯದಲ್ಲಿ ರಟ್ಟಿನ ಖಡ್ಗ ಇದೆ, ಕಾಗದ ಇಲ್ಲ.

ಹುಡುಗನ ಪ್ರಶ್ನೆಯಾದ ಮೇಲೆ ನಾನು ಆ ತರಗತಿಗೆ ಮನೆಗೆಲಸ ಕೊಟ್ಟೆ: ಕಪ್ಪದ ಮಾತಿಗೆ ಥ್ಯಾಕರೆಯ ಉತ್ತರ ಬರೆದು ತನ್ನಿ, ಬೈಗುಳ ಬೇಡ, ಅವನನ್ನು ಮೂರ್ಖನನ್ನಾಗಿ ಮಾಡಬೇಡಿ. ಇದು ಸರಿಯೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಚೆನ್ನಮ್ಮನ ನಾಡಿನ ಮಕ್ಕಳಿಂದ ಅವನ ಪರ ಬರೆಸುವುದೇ ಎಂದು. ಹರದೇಶಿಯವನು ನಾಗೇಶಿಯ ಪದ ಕಲಿತಿರಲೇಬೇಕು, ಇಲ್ಲದಿದ್ದರೆ ಜವಾಬು ಹೇಗೆ ಕೊಡುತ್ತಾನೆ ಎಂದೆ. ಅವರು ಸಮಾಧಾನಗೊಂಡಂತೆ ಕಾಣಲಿಲ್ಲ.

ಇಪ್ಪತ್ತಾರು ಕಾಗದಗಳು ಬಂದವು. ಹೆಚ್ಚಿನವು ರಸ್ತೆ, ಶಾಲೆ, ಶಾಂತಿ ಎಂದು ಎಣಿಸಿದ್ದವು. ಎಣಿಕೆಯ ಉಪಾಯವನ್ನು ಎದುರಾಳಿಗೆ ಕೊಟ್ಟಿದ್ದರು, ಜಾಣತನವೇ. ಒಬ್ಬಳು ಮಾತ್ರ ಒಂದೇ ಸಾಲು ಬರೆದಿದ್ದಳು: ನಾನು ಕಪ್ಪ ಕೇಳಲು ಬಂದೇ ಇಲ್ಲವಲ್ಲ, ರಾಣಿಯವರೇ, ಆ ಪತ್ರದ ತಾರೀಖಿನ ಮಾತಾಡೋಣ. ನನಗೆ ಕುರ್ಚಿಯಿಂದ ಏಳುವಂತಾಯಿತು. ರಂಟಿಯ ಪ್ರಶ್ನೆ ಕೇಳಿದ್ದ ಹುಡುಗ ಎರಡು ಪುಟ ಬರೆದಿದ್ದ, ಪೂರ್ತಿ ಸರ್ಕಾರಿ ಕನ್ನಡದಲ್ಲಿ, ಕ್ರಮಾಂಕ, ವಿಷಯ, ಉಲ್ಲೇಖ ಸಮೇತ. ಒಂದು "ನಾನು" ಇಲ್ಲ, ಒಂದು ಪ್ರಶ್ನೆ ಇಲ್ಲ. ಅದನ್ನು ತರಗತಿಗೆ ಓದಿ ಹೇಳಿದೆ. ಮುಗಿದ ಮೇಲೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬಳು ಆಕಳಿಸುತ್ತ ಹೇಳಿದಳು: "ಬರೋಬ್ಬರಿ ಐತ್ರಿ ಸರ್, ನಮ್ಮ ಹೊಲಕ್ಕ ಬಂದ ನೋಟೀಸ್ ಹಿಂಗs ಇತ್ರಿ. ನಮ್ಮಪ್ಪ ಅದನ್ನ ಇನ್ನೂ ಪೂರಾ ಓದಿಲ್ರಿ."